ಮೌನಪ್ಪ ಬಡಿಗೇರ ಕೂಡಿಸಿದ ಕಂಬ

ಪೂಜ್ಯ ಗುರುಶಾಂತವ್ವನವರು ಹುಲ್ಲಿಗನೂರಿನ ಹೊರಗೆ, ಎರಡು ತಗಡಿನ ಕೋಣೆಗಳನ್ನೂ ಒಂದು ದನದ ದೊಡ್ಡಿಯನ್ನೂ ಆಶ್ರಮವೆಂದು ಕರೆದುಕೊಂಡು ನೆಲೆಸಿದ್ದ ದಿನಗಳವು. ದುಡಿಯಲಾರವೆಂದು ಒಡೆಯರು ಬಿಟ್ಟುಹೋದ ಮೂವತ್ತು ಮುದಿ ದನಗಳು ಆ ದೊಡ್ಡಿಯಲ್ಲಿದ್ದವು. ಅವ್ವನವರಿಗೆ ಎಪ್ಪತ್ತು ದಾಟಿತ್ತು. ಸಗಣಿ ಬಳಿಯುವುದರಿಂದ ಹಿಡಿದು ಬೇಲಿ ಭದ್ರಮಾಡುವವರೆಗೆ ಎಲ್ಲ ಕೆಲಸವನ್ನೂ ತಾವೇ ಮಾಡುತ್ತಿದ್ದರು. ಸೋಮವಾರ ಸಂಜೆ ಮಾತ್ರ ಕಟ್ಟೆಯ ಮೇಲೆ ಕುಳಿತು ಭಕ್ತರಿಗೆ ನಾಲ್ಕು ಮಾತು ಹೇಳುತ್ತಿದ್ದರು.

ಒಂದು ಮುಂಜಾನೆ ಆ ದೊಡ್ಡಿಗೆ ಮೌನಪ್ಪ ಬಡಿಗೇರ ಬಂದ. ನಮಸ್ಕಾರ ಮಾಡಲು ಬಂದವನಲ್ಲ, ಜಗಳಕ್ಕೆಂದೇ ಎರಡು ಹರದಾರಿ ನಡೆದು ಬಂದವನು.

ಮೌನಪ್ಪ ರಾಚಪ್ಪ ಸಾವುಕಾರನ ಸಾಮಿಲ್ಲಿನಲ್ಲಿ ಹದಿನೆಂಟು ವರ್ಷ ಮರ ಕೊಯ್ದವನು. ಗರಗಸದ ಚಕ್ರದ ಮೇಲಿನ ಮುಚ್ಚಳ ಮುರಿದು ಬಿದ್ದಾಗ ಮೂರು ಸಲ ಸಾವುಕಾರನಿಗೆ ಹೇಳಿದ್ದ. ಮುಚ್ಚಳವಿದ್ದರೆ ಕೆಲಸ ನಿಧಾನವಾಗುತ್ತದೆ ಎಂದು ಸಾವುಕಾರ ಮೂರು ಸಲವೂ ನಕ್ಕುಬಿಟ್ಟಿದ್ದ. ನಾಲ್ಕನೆಯ ವಾರ ಒಂದು ತೊಲೆ ಹೊರಳಿತು. ಮೌನಪ್ಪನ ಬಲಗೈಯ ನಡುವಿನ ಮೂರು ಬೆರಳು ಹೋದವು. ಹೆಬ್ಬೆರಳು, ಕಿರುಬೆರಳು ಉಳಿದವು.

ಬೆರಳು ಹೋದದ್ದನ್ನು ಅವನು ಹೇಗೋ ನುಂಗಿಕೊಳ್ಳುತ್ತಿದ್ದನೇನೋ. ಆದರೆ ಅವನಿನ್ನೂ ಆಸ್ಪತ್ರೆಯಲ್ಲಿರುವಾಗಲೇ, ಮೌನಪ್ಪ ಕುಡಿದು ಬಂದು ಗರಗಸಕ್ಕೆ ಕೈ ಕೊಟ್ಟ ಎಂದು ಸಾವುಕಾರ ಊರೆಲ್ಲ ಹೇಳಿದ. ಜನ್ಮದಲ್ಲಿ ಹೆಂಡ ಮುಟ್ಟದವನು ಮೌನಪ್ಪ. ಅಕ್ಕಪಕ್ಕದವರು ಅವನನ್ನು ಕಂಡು ಅಯ್ಯೋ ಪಾಪ ಎನ್ನುತ್ತಿದ್ದರು. ಆ ಅಯ್ಯೋದೊಳಗೆ ಒಂದು ತಿರಸ್ಕಾರವಿರುತ್ತಿತ್ತು. ಕೆಲವು ಹಿರಿಯರು ಮನೆಗೇ ಬಂದು, ಇದು ಹಿಂದಿನ ಜನ್ಮದ ಕರ್ಮ, ಸಹಿಸಿಕೋ ಎಂದರು. ಎಂಟು ತಿಂಗಳು ಅವನು ಉಳಿ ಮುಟ್ಟಲಿಲ್ಲ. ಹೆಂಡತಿ ಕಾಳವ್ವ ಮಲಗುವ ಹೊರಸಿನ ಕಾಲು ಬಿಗಿಮಾಡಿ ಕೊಡೆಂದರೂ ಮುಖ ತಿರುಗಿಸುತ್ತಿದ್ದ.

ಹೀಗಿರುವಾಗ ಪತ್ರಿಕೆಯಲ್ಲಿ ಒಂದು ಚಿತ್ರ ಬಂತು. ಗುರುಶಾಂತವ್ವನವರು ರಾಚಪ್ಪ ಸಾವುಕಾರನಿಗೆ ಶಾಲು ಹೊದಿಸುತ್ತಿದ್ದಾರೆ. ಆಶ್ರಮಕ್ಕೆ ಮೇವನ್ನೂ ಬೇಲಿಗೆ ಹೊಸ ಕಂಬಗಳನ್ನೂ ಕೊಡುವ ಧರ್ಮಬಂಧು ಎಂದು ಕೆಳಗೆ ಬರೆದಿತ್ತು. ಅದನ್ನು ಓದಿದವನೇ ಮೌನಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದಿದ್ದ.

ಅವನು ಬಂದಾಗ ಅವ್ವನವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೇಲಿಯ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಿದ್ದರು. ಮೂಲೆಯ ಕಂಬ ಬುಡದಲ್ಲಿ ಕೊಳೆತು ಒಳಕ್ಕೆ ವಾಲಿತ್ತು. ಅದಕ್ಕೊಂದು ಗೂಟ ಒತ್ತಿಟ್ಟು ಮೊಳೆ ಹೊಡೆಯುತ್ತಿದ್ದರು.

ಮೌನಪ್ಪ ಕೈ ಮುಗಿಯಲಿಲ್ಲ. ಆ ಕೈಯನ್ನೇ ಅವರ ಮುಖದ ಮುಂದೆ ಚಾಚಿದ.

"ನೀವು ಶಾಲು ಹೊಚ್ಚಿದ ಧರ್ಮಬಂಧು ಮಾಡಿದ್ದು ಇದು. ನೋಡ್ರಿ. ನೋಡಿ, ಇದಕ್ಕೂ ಕರ್ಮ ಅಂತ ಹೇಳ್ರಿ."

ಅವ್ವನವರು ಸುತ್ತಿಗೆ ಕೆಳಗಿಟ್ಟರು. ಅವನು ಹೇಳುವುದನ್ನೆಲ್ಲ ಕೇಳಿದರು. ಮುಚ್ಚಳದ ಮಾತು, ನಗೆಯ ಮಾತು, ಕುಡುಕನೆಂಬ ಮಾತು, ಒಂದನ್ನೂ ನಡುವೆ ತಡೆಯಲಿಲ್ಲ. ಕೊನೆಗೆ ಹೇಳಿದರು:

"ಕರ್ಮ ಅಲ್ಲ ತಮ್ಮಾ. ಅಂವ ಮಾಡಿದ ಅನ್ಯಾಯ. ಶಾಲು ಹೊಚ್ಚೂಕಿಂತ ಮೊದ್ಲ ನಾನು ಯಾರನ್ನೂ ಕೇಳ್ಲಿಲ್ಲ. ಅದು ನನ್ನ ತಪ್ಪು."

ಸಹನೆಯ ಉಪದೇಶ ಬಂದರೆ ಏನೇನು ಆಡಬೇಕೆಂದು ಮೌನಪ್ಪ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಅದೊಂದೂ ಈಗ ಉಪಯೋಗಕ್ಕೆ ಬರಲಿಲ್ಲ. ಹಾಗೆಂದು ಸಿಟ್ಟು ಇಳಿಯಲೂ ಇಲ್ಲ. ಅಲ್ಲಿಯೇ ಬುಸುಗುಟ್ಟುತ್ತ ನಿಂತ.

ಅವ್ವನವರು ಮತ್ತೆ ಸುತ್ತಿಗೆ ಎತ್ತಿಕೊಂಡರು. ದನಗಳು ಹೊರಬಿದ್ದರೆ ಪಕ್ಕದವರ ಜೋಳಕ್ಕೆ ನುಗ್ಗುತ್ತಿದ್ದವು. ಮೊಳೆ ಮೆತ್ತನೆಯ ಕಟ್ಟಿಗೆಯಲ್ಲಿ ಇಳಿದು, ಮರುಕ್ಷಣವೇ ಸಡಿಲಾಗಿ ಜೋತುಬಿತ್ತು. ಇನ್ನೊಂದು ಹೊಡೆದರು. ಅದೂ ಹಾಗೆಯೇ ಆಯಿತು.

ಮೌನಪ್ಪನಿಗೆ ತಡೆಯಲಾಗಲಿಲ್ಲ. "ಕೊಳೆತದ್ದಕ್ಕ ಮೊಳೆ ಹಿಡಿಯೂದಿಲ್ರೀ ಯವ್ವಾ."

"ಹೊಸದು ಹಾಕಬೇಕೇನು?"

"ಯಾಕ ಹಾಕಬೇಕು? ಕೆಟ್ಟದ್ದು ಒಂದು ಗೇಣು. ಮ್ಯಾಲಿಂದೆಲ್ಲ ಕಲ್ಲಿನಂಗೈತಿ."

"ಹಂಗಾರ ನೀನ ಹೇಳು," ಎಂದು ಅವ್ವನವರು ಸರಿದು ಕುಳಿತರು.

ಅವನು ಮೊದಲು ಬರೀ ಬಾಯಲ್ಲಿ ಹೇಳಿದ. ಬೇಲಿಯ ಅಡ್ಡಗೋಲುಗಳ ಕೆಳಗೆ ಎರಡು ಕವೆಗೋಲು ಆನಿಸಿರಿ, ಭಾರ ಕಂಬದ ಮೇಲೆ ಬೀಳಬಾರದು ಎಂದ. ಮೊಳದುದ್ದ ಅಗೆಯಿರಿ ಎಂದ. ಕೊಳೆತ ಬುಡ ಹೊರಬಂದಾಗ ಉಳಿಯಿಂದ ಕೆರೆಯಿರಿ ಎಂದ. ಅವ್ವನವರು ಕೋಣೆಯಿಂದ ಸಾಮಾನಿನ ಬುಟ್ಟಿ ತಂದರು; ಅವರು ಉಳಿ ಹಿಡಿದ ರೀತಿ ನೋಡಲಾಗದೆ, ತಾನೇ ಅದನ್ನು ಕಸಿದುಕೊಂಡ. ಹೆಬ್ಬೆರಳು ಕಿರುಬೆರಳುಗಳ ನಡುವೆ ಉಳಿ ಸಿಕ್ಕಿಸಿ, ಎಡಗೈಯಿಂದ ಕಟ್ಟಿಗೆಯ ಕೊಡತಿಯಲ್ಲಿ ಹೊಡೆದ. ಎರಡು ಸಲ ಜಾರಿ ಅಂಗೈ ತರಚಿತು. ಮೂರನೆಯ ಸಲ ನಿಂತಿತು.

ಪುಡಿಪುಡಿಯಾದ ಕಟ್ಟಿಗೆಯೆಲ್ಲ ಉದುರಿ, ಮರದೊಳಗಿನ ಗಟ್ಟಿಯಾದ ಚೇಗಿಗೆ ತಗುಲಿ ಉಳಿ ಟಣ್ಣೆಂದಿತು. ಅಲ್ಲಿಗೆ ಓರೆಯಾಗಿ ಗರಗಸ ಹಾಕಿದರು. ಒಂದು ತುದಿ ಅವನು, ಒಂದು ತುದಿ ಅವ್ವನವರು. ಮುರಿದ ಬಂಡಿಯ ಜಾಲಿಮರದ ತುಂಡೊಂದನ್ನು ಅದೇ ಓರೆಗೆ ಕೊಯ್ದ. ನೆಲದೊಳಗೆ ಹೋಗುವ ಅದರ ತುದಿಯನ್ನು ಬೆರಣಿಯ ಬೆಂಕಿಯಲ್ಲಿ ಕಪ್ಪಗೆ ಸುಟ್ಟು, ಬೇವಿನೆಣ್ಣೆ ಕುಡಿಸಿದ. ಓರೆಗೆ ಓರೆ ಕೂಡಿಸಿ, ತೂತು ಕೊರೆದು ಬೋಲ್ಟು ಹಾಕಿ, ಹಳೆಯ ಗಾಲಿಯ ಪಟ್ಟಿಯಿಂದ ಎರಡು ಕಡೆ ಬಿಗಿದ. ಇಷ್ಟು ಹೊತ್ತೂ ಅವನ ಬಾಯಿ ರಾಚಪ್ಪನನ್ನು ಬೈಯುತ್ತಲೇ ಇತ್ತು. ಅವ್ವನವರು ಕಂಬ ಹಿಡಿದುಕೊಂಡು ಕೇಳುತ್ತಿದ್ದರು.

ಗುಂಡಿಗೆ ಗರಸುಮಣ್ಣು ತುಂಬಿ ಮೆಟ್ಟುತ್ತಿರುವಾಗ ಲಾರಿಯೊಂದು ಬಂದು ನಿಂತಿತು. ಮುಂದೆ ರಾಚಪ್ಪ ಸಾವುಕಾರ, ಜೊತೆಗೆ ಫೋಟೊ ತೆಗೆಯುವವನು. ಹಿಂದೆ ಹೊಸ ಕಂಬಗಳು, ಅವುಗಳ ಮೇಲೆ ಸಾಮಿಲ್ಲಿನ ಇಬ್ಬರು ಆಳುಗಳು.

"ಅವ್ವಾರ, ಆ ಹಳೇದು ಕಿತ್ತು ಒಗೀರಿ. ಹೊಸಾವು ತಂದೀನಿ," ಎನ್ನುತ್ತ ಇಳಿದ ಸಾವುಕಾರ ಮೌನಪ್ಪನನ್ನು ಕಂಡ. "ಈ ಕುಡಕನ್ನ ಯಾಕ ಒಳಗ ಬಿಟ್ಕೊಂಡೀರಿ?"

ಅವ್ವನವರು ಎದ್ದುನಿಂತರು. ಆಶ್ರಮದಲ್ಲಿ ಅವರ ಕೋಪವನ್ನು ಅದುವರೆಗೆ ಕಂಡವರಿರಲಿಲ್ಲ. ಸಾವುಕಾರನನ್ನು ದಾಟಿ ಲಾರಿಯ ಹತ್ತಿರ ಹೋದರು. ಮೇಲಿದ್ದ ಆಳುಗಳನ್ನು ಕೇಳಿದರು:

"ಇಂವ ಕುಡೀತಿದ್ನೇನ್ರಪ್ಪಾ?"

ಇಬ್ಬರೂ ಸಾವುಕಾರನ ಕಡೆ ನೋಡಿದರು. ಅವರಲ್ಲಿ ಹಿರಿಯನಾದ ಹುಸೇನಸಾಬ ಕೆಳಗಿಳಿದು ಬಂದ. "ಒಂದ ದಿನಾನೂ ಇಲ್ರೀ ಯವ್ವಾ."

"ಗರಗಸಕ್ಕ ಮುಚ್ಚಳ ಇತ್ತೇನು?"

"ಇರ್ಲಿಲ್ಲ. ಈಗೂ ಇಲ್ಲ."

ಅವ್ವನವರು ರಾಚಪ್ಪನ ಕಡೆ ತಿರುಗಿದರು. ಸ್ವರ ಏರಲಿಲ್ಲ.

"ನಿನ್ನ ಮೇವು ತಿಂದು ನನ್ನ ದನ ಬದುಕೂದು ಬ್ಯಾಡ. ಲಾರಿ ತಿರುಗಿಸು. ಮುಚ್ಚಳ ಹಾಕಿ, ಆಡಿದ ಸುಳ್ಳನ್ನ ನಿನ್ನ ಬಾಯಲೇ ಅಳಿಸಿ, ಆಮ್ಯಾಲೆ ಬಾ."

ಲಾರಿ ತಿರುಗಿತು. ಸಾವುಕಾರ ಕೆಂಪಾದ ಮುಖದಲ್ಲಿ ಹೋದ; ಆ ವಾರವೇ ಮೇವು ನಿಂತಿತು. ಅವ್ವನವರು ಮನೆಮನೆಗೆ ಹೋಗಿ ಜೋಳದ ಸೊಪ್ಪೆ ಬೇಡಿ ತಂದು ದನಗಳಿಗೆ ಹಾಕಿದರು.

ಸೋಮವಾರ ಸಂಜೆ ಇನ್ನೂರು ಜನ ಸೇರಿದ್ದರು. ಅವ್ವನವರು ಅಂದು ಕಟ್ಟೆಯನ್ನು ಏರಲಿಲ್ಲ. ಜನರ ನಡುವೆ ನಿಂತು, ಮೌನಪ್ಪನನ್ನು ಪಕ್ಕಕ್ಕೆ ಕರೆದರು. "ಈ ಮನಷ್ಯಾನ ಬಗ್ಗೆ ನೀವು ಕೇಳಿದ್ದು ಸುಳ್ಳು. ಆ ಸುಳ್ಳು ಹೇಳಿದವಗ ನಾನು ಮಾನ ಕೊಟ್ಟೆ. ಮೌನಪ್ಪಾ, ನನ್ನ ಕ್ಷಮಿಸು," ಎಂದು ಕೈ ಮುಗಿದರು. ಅಂದು ಬೇರೆ ಉಪದೇಶವಿರಲಿಲ್ಲ. ಮೌನಪ್ಪ ಆ ಪಾದಗಳ ಮೇಲೆ ಬಿದ್ದು, ಎಂಟು ತಿಂಗಳಲ್ಲಿ ಮೊದಲ ಸಲ ಅತ್ತ.

ಮರುದಿನ ಸಾಮಿಲ್ಲಿನ ಹದಿನೈದು ಆಳುಗಳೂ ಮುಚ್ಚಳವಿಲ್ಲದೆ ಚಕ್ರದ ಮುಂದೆ ನಿಲ್ಲುವುದಿಲ್ಲವೆಂದು ಕೈಕಟ್ಟಿ ಕುಳಿತರು. ಮುಚ್ಚಳ ಮಾಡುವ ಬಗೆ ಅವರಲ್ಲಿ ಯಾರಿಗೂ ತಿಳಿಯದು. ಸುದ್ದಿ ಮೌನಪ್ಪನ ಮನೆಗೆ ಬಂತು. ಸಾಮಿಲ್ಲಿನ ಬಾಗಿಲು ಮತ್ತೆ ತುಳಿಯುವುದಿಲ್ಲವೆಂದು ಅವನು ಹೆಂಡತಿಯ ಮುಂದೆ ಆಣೆ ಮಾಡಿದ್ದ. ಹೊರಸಿನಿಂದ ಎದ್ದವನು, "ಕಾಳವ್ವಾ, ಸಾಮಾನಿನ ಚೀಲ ತಗದುಕೊಡು. ಇನ್ನೊಬ್ಬರ ಕೈ ಹೋಗಬಾರದು," ಎಂದ.

ತಗಡು, ಕಟ್ಟಿಗೆ ಕೂಡಿಸಿ ಮುಚ್ಚಳ ಮಾಡುವುದಕ್ಕೆ ಅವನಿಗೆ ಎರಡು ದಿನ ಹಿಡಿಯಿತು. ಕೊನೆಯ ಬೋಲ್ಟು ಬಿಗಿಯುವಾಗ ರಾಚಪ್ಪ ಬಾಗಿಲಲ್ಲಿ ಬಂದು ನಿಂತ. ಆಳುಗಳೆಲ್ಲ ಎದ್ದರು.

"ಮೌನಪ್ಪ ಅವತ್ತು ಕುಡದಿರ್ಲಿಲ್ಲ," ಎಂದ ಸಾವುಕಾರ, ನೆಲ ನೋಡುತ್ತ.

"ಇವರಿಗೆ ಅದು ಮೊದ್ಲ ಗೊತ್ತೈತಿ," ಎಂದ ಮೌನಪ್ಪ. "ಗೊತ್ತಿಲ್ಲದವರು ಊರಾಗ ಅದಾರ. ಅಲ್ಲಿ ಹೇಳ್ರಿ."

ಅವನ ಸ್ವರದಲ್ಲಿ ಸಿಟ್ಟಿತ್ತು, ವಿಷ ಇರಲಿಲ್ಲ. ರಾಚಪ್ಪ ತಲೆಗೆ ರುಮಾಲು ಸುತ್ತಿಕೊಂಡು, ಜನ ಸೇರುವ ಪೇಟೆಯ ಕಡೆಗೆ ನಡೆದುಹೋದ. ಮೌನಪ್ಪ ಮುಚ್ಚಳವನ್ನೊಮ್ಮೆ ಎಳೆದು ನೋಡಿ, "ಈಗ ನಡಸು ಹುಸೇನಸಾಬ," ಎಂದ.