ಹದ್ದು ಸುತ್ತುವಾಗ ಅಮ್ಮ

ಅಯ್ಯೋ ಕೇಳಿ ಇಲ್ಲಿ, ಹೇಳಿದ್ರೆ ನಂಬಲ್ಲ ನೀವು, ಈಗಷ್ಟೇ ಆಯ್ತು! ಕೋಳಿಮರಿಗಳು ನಾವು, ನಾನೂ ನಮ್ಮಣ್ಣನೂ ಬೇಲಿ ಕೆಳಗೆ ಹುಳ ಕೆದಕ್ತಿದ್ವಿ. ಸೌದೆ ರಾಶಿ ಹಿಂದೆ ಸದಾ ಕೊಕ್ಕೊಕ್ ಅಂತಿರೋ ಅಮ್ಮ ಥಟ್ ಅಂತ ಸುಮ್ನಾದ್ಲು. ಎಷ್ಟು ಕರೆದ್ರೂ ಉತ್ತರ ಇಲ್ಲ!

"ಇವಳೂ ದೇವರ ಥರಾನೇ, ಬೇಕಾದಾಗ ಬಾಯೇ ಬಿಡಲ್ಲ," ಅಂದ ಅಣ್ಣ. "ನಡಿಯೋ, ಹುಡುಕೋಣ."

"ಬೇಡ ಕಣೋ! ಮೊನ್ನೆ ನಾಯಿ ಬಂದಾಗ್ಲೂ ಹಿಂಗೇ ಸುಮ್ನಾಗಿದ್ಲು. ಅಲ್ಲಾಡ್ಬೇಡಿ ಅಂತಿದಾಳೆ. ದೇವರೂ ಹಿಂಗೇ ಹೇಳ್ತಾನೇನೋ!"

"ಥೂ, ಹೆದರುಪುಕ್ಲ!" ಅಂತ ಅಂಗಳಕ್ಕೆ ಓಡಿದ. ಹದ್ದು ಎರಗಿ ಎತ್ಕೊಂಡು ಹೋಯ್ತು.

ಆಗ್ಲೂ ಅಮ್ಮ ಕೂಗ್ಲಿಲ್ಲ. ಅಂಗಳದ ಮೇಲೆ ಇನ್ನೊಂದು ಹದ್ದಿನ ನೆರಳು ಸುತ್ತುತ್ತಿತ್ತು. ಅಳು ನುಂಗ್ಕೊಂಡು, ಅವಳನ್ನೇ ನಂಬ್ಕೊಂಡು ನಾನು ಅಲ್ಲೇ ಕೂತೆ. ನೀವಾಗಿದ್ರೆ ಏನ್ ಮಾಡ್ತಿದ್ರಿ, ಹೇಳಿ?