ಕಡಲಿಗೆ ಬೆನ್ನು ಹಾಕಿದ ಚಪ್ಪರ

"ಗುರುಗಳೇ, ಮೊದಲು ಪರದೇಶಗಳಿಂದಲೂ ಜನ ನಮ್ಮ ಆಶ್ರಮವನ್ನು ಹುಡುಕಿಕೊಂಡು ಬರುತ್ತಿದ್ದರು. ಈಗ ಯಾರೂ ಬರುತ್ತಿಲ್ಲ. ಅವರು ಮತ್ತೆ ಬರುವಂತೆ ಮಾಡುವುದು ಹೇಗೆ?" ಎಂದು ಶಿಷ್ಯನೊಬ್ಬ ಕೇಳಿದ. ಬಸ್ ನಿಲ್ದಾಣದಲ್ಲಿ ದೊಡ್ಡ ಬೋರ್ಡು ಹಾಕಿಸಬೇಕು, ಹೆಬ್ಬಾಗಿಲಿಗೆ ಕಮಾನು ಕಟ್ಟಿಸಬೇಕು ಎಂದು ಅವನು ಆಗಲೇ ಲೆಕ್ಕ ಹಾಕಿಕೊಂಡಿದ್ದ.

ಗುರುಗಳು ಒಂದು ಕತೆ ಹೇಳಿದರು.

ಕಡಲತೀರದ ಒಂದು ಊರು. ಅಲ್ಲಿ ಒಬ್ಬ ಚಹಾದಂಗಡಿಯವನಿದ್ದ. ಮಳೆಗಾಲ ಮುಗಿದ ಮೇಲೆ ಮರಳಿನಲ್ಲಿ ತೆಂಗಿನ ಗರಿಯ ಚಪ್ಪರ ಕಟ್ಟುವುದು, ಮುಂದಿನ ಮಳೆಗೆ ಮೊದಲು ಬಿಚ್ಚಿಡುವುದು ಆ ತೀರದ ಪದ್ಧತಿ. ಚಳಿಗಾಲ ಕಳೆಯಲು ಬರುವ ಪರದೇಶದವರು ಚಾಪೆಯ ಮೇಲೆ ಕುಳಿತು, ಒಂದು ಲೋಟ ಚಹಾದಲ್ಲಿ ಇಡೀ ಸಂಜೆ ಕಳೆಯುತ್ತಿದ್ದರು. ಎಲ್ಲ ಚಪ್ಪರಗಳ ಬಾಗಿಲೂ ಕಡಲಿಗೇ ಇರುತ್ತಿತ್ತು. ಗಿರಾಕಿಗಳನ್ನು ಯಾರೂ ಕೂಗಿ ಕರೆಯುತ್ತಿರಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?

ಅವರಲ್ಲಿ ಒಬ್ಬ ಮುದುಕಿ ವರ್ಷವೂ ತಪ್ಪದೆ ಇವನ ಚಪ್ಪರಕ್ಕೇ ಬರುತ್ತಿದ್ದಳು. ಕಲಿತ ಐದೇ ಐದು ಕನ್ನಡ ಮಾತುಗಳಲ್ಲಿ ಸಂಜೆಗೊಮ್ಮೆ ಇವನನ್ನು ಕರೆಯುತ್ತಿದ್ದಳು.

"ಬಾ ತಮ್ಮ, ಕೂತ್ಕೋ. ಸೂರ್ಯ ಹೋಗ್ತಾನೆ."

"ನಾಳೆ ಕೂರ್ತೇನೆ ಅಮ್ಮಾ, ಇವತ್ತು ಕೈತುಂಬ ಕೆಲಸ ಉಂಟು."

ಒಂದು ವರ್ಷ ಪಕ್ಕದ ಅಂಗಡಿಯವನು ಬಾಗಿಲನ್ನು ರಸ್ತೆಗೆ ತಿರುಗಿಸಿ ಚಪ್ಪರ ಕಟ್ಟಿದ. ಬಸ್ಸಿಳಿದವರು ನೇರ ಅವನಲ್ಲಿಗೆ ಹೋದರು. ಮರುವರ್ಷ ಇವನೂ ತಿರುಗಿಸಿದ. ಅದರ ಮರುವರ್ಷ ತೀರದುದ್ದಕ್ಕೂ ಚಪ್ಪರಗಳೆಲ್ಲ ಕಡಲಿಗೆ ಬೆನ್ನು ಹಾಕಿ ನಿಂತವು. ಮುದುಕಿ ಹಿಂದಿನ ಗೋಡೆಯ ಗರಿಗಳನ್ನು ಎರಡು ಬೆರಳಲ್ಲಿ ಸರಿಸಿ ಕಡಲನ್ನು ನೋಡಿದಳು. ಮುಂದಿನ ಚಳಿಗಾಲಕ್ಕೆ ಅವಳು ಬರಲಿಲ್ಲ. ಬರಬರುತ್ತಾ ಉಳಿದವರೂ ಬರುವುದನ್ನು ಬಿಟ್ಟರು.

ವಿಮಾನದ ಟಿಕೆಟ್ಟು ದುಬಾರಿಯಾಯಿತು ಎಂದರು ಊರವರು. ಬೇರೆ ದೇಶದ ತೀರಗಳು ಅಗ್ಗವಂತೆ ಎಂದರು. ಕುಣಿಯಲಾರದವರಿಗೆ ನೆಲ ಯಾವಾಗಲೂ ಡೊಂಕೇ. ನಮ್ಮ ಅಂಗಡಿಯವನು ಮಾತ್ರ ಯಾರನ್ನೂ ದೂರಲಿಲ್ಲ. ಬಸ್ಸು ನಿಂತಾಗಲೆಲ್ಲ ಎದ್ದು, ಆ ಬಿಳಿ ತಲೆ ಇಳಿಯುತ್ತದೆಯೇ ಎಂದು ನೋಡುತ್ತಿದ್ದ. ಗಿರಾಕಿ ಇಲ್ಲದ್ದಕ್ಕಿಂತ, ತನ್ನನ್ನು 'ಬಾ' ಎನ್ನುವವರು ಇಲ್ಲದ್ದು ಅವನನ್ನು ಹೆಚ್ಚು ನೋಯಿಸುತ್ತಿತ್ತು. ಹಾಗೆ ಆರು ವರ್ಷ ರಸ್ತೆ ಕಾದ.

ಏಳನೆಯ ವರ್ಷ ಬಸ್ಸಿನಿಂದ ಆ ಮುದುಕಿಯ ಮಗಳು ಇಳಿದಳು. ತಾಯಿ ತೀರಿಕೊಂಡದ್ದನ್ನು ಹೇಳಿದಳು. ಇಲ್ಲಿನ ಕಡಲೊಳಗೆ ಎರಡು ಬಂಡೆಗಳಿವೆ, ಚಳಿಗಾಲದ ಒಂದು ಸಂಜೆ ಸೂರ್ಯ ಸರಿಯಾಗಿ ಅವುಗಳ ನಡುವೆ ಮುಳುಗುತ್ತಾನೆ ಎಂದು ತಾಯಿ ಕೊನೆಯವರೆಗೂ ಹೇಳುತ್ತಿದ್ದಳಂತೆ. ಆ ಸಂಜೆ ಯಾವುದು ಎಂದು ಮಗಳು ಕೇಳಿದಳು. ಆ ತೀರದಲ್ಲೇ ಹುಟ್ಟಿ ಬೆಳೆದವನಿಗೆ ಅದು ಗೊತ್ತಿರಲಿಲ್ಲ.

ಅವನಿಗೆ ನಾಚಿಕೆಯಾಯಿತು. ಎದ್ದು ಹೋಗಿ ಹಿಂದಿನ ಗೋಡೆಯ ಗರಿಗಳನ್ನೆಲ್ಲ ಕಿತ್ತುಹಾಕಿದ. ಚಾಪೆ ಹಾಸಿದ. ಇಬ್ಬರೂ ಕುಳಿತರು. ಅಂದು ಸೂರ್ಯ ಬಂಡೆಗಳಿಂದ ಬಹಳ ಉತ್ತರಕ್ಕೆ ಮುಳುಗಿದ. ಮರುದಿನ ಚೂರು ಬಂಡೆಗಳ ಕಡೆಗೆ ಸರಿದಿದ್ದ. ಹೀಗೆ ಎಂಟು ಸಂಜೆ ಕಾದರು. ಅಷ್ಟರಲ್ಲಿ ಅವಳ ರಜೆ ಮುಗಿಯಿತು, ಅವಳು ಹೊರಟುಹೋದಳು.

ಅವನು ಕೂರುವುದನ್ನು ಬಿಡಲಿಲ್ಲ. ಬಸ್ಸಿನ ಸದ್ದಿಗೆ ಏಳುವುದನ್ನು ಬಿಟ್ಟ. ಅವಳು ಹೋದ ಹನ್ನೊಂದನೆಯ ಸಂಜೆ ಸೂರ್ಯ ಎರಡು ಬಂಡೆಗಳ ನಡುವೆ ಇಳಿಯತೊಡಗಿದ. ಅವನಿಗೆ ತಡೆಯಲಾಗಲಿಲ್ಲ. ಚಾಪೆಯ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದ. ಹಿಂದಕ್ಕೆ ತಿರುಗಿ ಕರೆದ.

"ಬನ್ನಿ ಅಮ್ಮಾ, ಕೂತ್ಕೊಳ್ಳಿ. ಸೂರ್ಯ ಹೋಗ್ತಾನೆ."

ಚಪ್ಪರದಲ್ಲಿ ಯಾರೂ ಇರಲಿಲ್ಲ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಅಷ್ಟರಲ್ಲಿ ಆಶ್ರಮದ ಎದುರಿನ ರಸ್ತೆಯಲ್ಲಿ ಬಸ್ಸೊಂದು ನಿಂತ ಸದ್ದಾಯಿತು. ಶಿಷ್ಯ ಕತ್ತೆತ್ತಿ ಹೆಬ್ಬಾಗಿಲ ಕಡೆ ನೋಡಿದ. ಬಸ್ಸು ಮುಂದೆ ಹೋಯಿತು. ಆಮೇಲೆ ಅವನು, ಕೊನೆಗೆ ಆ ತೀರಕ್ಕೆ ಜನ ಮತ್ತೆ ಬಂದರೇ ಎಂದು ಕೇಳಿದ.

"ನನಗೇನು ಗೊತ್ತು ಮಗು, ಬಾಗಿಲು ನೋಡುತ್ತಾ ಕೂತವನು ನೀನು" ಎಂದರು ಗುರುಗಳು.