ಕೊಡಲಿ ತಾಗದ ಮರ

"ಗುರುಗಳೇ, ಕೊಟ್ಟ ಮಾತು ಮೀರದವನ ಮನೆಗೂ ಕೇಡು ಬರುತ್ತದೆಯೇ?"

ಕೇಳಿದವನು ಕೊಟ್ರಯ್ಯ. ಸಂಸಾರಸ್ಥ. ಸೋಮವಾರ ಮಠಕ್ಕೆ ಬಂದು ಗುರುಗಳ ಬಳಿ ಕೂತು ಹೋಗುವ ಶಿಷ್ಯ.

"ಯಾರ ಮನೆಗೆ?" ಎಂದರು ಗುರುಗಳು.

"ನನ್ನ ಮನೆಗೇ. ಮದುವೆಯ ಚಪ್ಪರದಲ್ಲಿ ಮಾವನವರ ಕೈ ಹಿಡಿದು ಮಾತು ಕೊಟ್ಟೆ, ನಿಮ್ಮ ಮಗಳ ಮೇಲೆ ಎಂದೂ ಕೈ ಎತ್ತುವುದಿಲ್ಲ ಅಂತ. ಇವತ್ತಿನವರೆಗೆ ಎತ್ತಿಲ್ಲ. ಗದರಿಸಿಯೂ ಇಲ್ಲ. ಹಿತ್ತಲಲ್ಲೇ ಬಾವಿ ತೋಡಿಸಿದೆ, ಕೆರೆಗೆ ಹೋಗುವುದು ತಪ್ಪಿತು. ಅಕ್ಕಪಕ್ಕದವರ ಹರಟೆ ಬಿಡಿಸಿದೆ. ತವರಿನವರು ಬಂದು ಹೋಗುವ ಗಲಾಟೆಯನ್ನೂ ನಿಲ್ಲಿಸಿದೆ. ರಾಣಿಯ ಹಾಗೆ ಇಟ್ಟಿದ್ದೇನೆ. ಆದರೂ ನೀಲವ್ವ ಮಾತು ಬಿಟ್ಟಳು, ಈಗ ಅನ್ನವನ್ನೂ ಬಿಟ್ಟಿದ್ದಾಳೆ. ಹೀಗೇ ಆದರೆ ಉಳಿಯುವುದು ಕಷ್ಟ ಎಂದರು ವೈದ್ಯರು. ರೋಗ ಯಾವುದು ಅಂದರೆ ಅವರಿಗೂ ತಿಳಿಯದು. ನಾನು ಮಾಡಿದ ತಪ್ಪೇನು?"



"ತಪ್ಪೇನು ಎಂದು ಕೇಳಲು ಬಂದವನು ತನ್ನ ಪುಣ್ಯವನ್ನೇ ಮೊದಲು ಹೇಳುತ್ತಾನೆ. ಲೋಕವೇ ಹಾಗೆ, ನಿನ್ನೊಬ್ಬನನ್ನು ಏಕೆ ಬೈಯಲಿ? ಒಂದು ಕತೆ ಕೇಳು" ಎಂದು ಗುರುಗಳು ಹೇಳತೊಡಗಿದರು.

ಬಹು ದೂರ, ದಕ್ಷಿಣ ಅಮೆರಿಕದಲ್ಲಿ ಬೊಲಿವಿಯಾ ಎಂಬ ದೇಶವಿದೆ. ನೀನು ಬೆಳಿಗ್ಗೆ ತಿಂದ ಶೇಂಗಾ ಚಟ್ನಿಯ ಶೇಂಗಾ, ಅದಕ್ಕೆ ಹಾಕಿದ ಮೆಣಸಿನಕಾಯಿ, ಎರಡರ ತವರೂ ಆ ಕಡೆಯೇ. ಅವು ಕರೆದಲ್ಲಿಗೆ ಬಂದವು. ಆದರೆ ಅಲ್ಲಿಯ ಕಾಡಿನಲ್ಲಿ ಕಸ್ತಾನ್ಯಾ ಎಂಬ ಒಂದು ಮರವಿದೆ. ಕಾಡು ಬಿಟ್ಟು ಬೇರೆಡೆ ಅದು ಒಗ್ಗುವುದು ಕಷ್ಟ. ನಮ್ಮ ತೇಗವನ್ನು ಪಕ್ಕದಲ್ಲಿ ನಿಲ್ಲಿಸಿದರೆ ಅದರ ಭುಜಕ್ಕೆ ಬಂದೀತು. ಕಾಯಿ ತೆಂಗಿನಕಾಯಿಯಷ್ಟು ದಪ್ಪ. ಒಡೆದರೆ ಒಳಗೆ ಕಿತ್ತಳೆಯ ತೊಳೆಗಳ ಹಾಗೆ ಜೋಡಿಸಿದ ಬೀಜಗಳು. ಆ ಬೀಜ ಆಯ್ದು ಮಾರಿ ಬದುಕುವ ಸಂಸಾರಗಳು ಅಲ್ಲಿ ಬಹಳ. ಹಾಗಾಗಿ ಆ ಮರಕ್ಕೆ ಕೊಡಲಿ ಹಾಕಲು ಜನ ಹೆದರುತ್ತಾರೆ.

ಅಂಥ ಒಂದು ಮರವನ್ನು ನಂಬಿ ಒಬ್ಬ ರೈತ ಬದುಕಿದ್ದ. ಸಾಯುವ ಮೊದಲು ಅವನ ತಂದೆ ಅವನನ್ನು ಮರದ ಬಳಿಗೆ ಕರೆದುಕೊಂಡು ಹೋಗಿ, ತೊಗಟೆಯ ಮೇಲೆ ಕೈ ಇಡಿಸಿ ಆಣೆ ಹಾಕಿಸಿಕೊಂಡ. ಇದಕ್ಕೆ ಎಂದೂ ಕೊಡಲಿ ಹಾಕಬಾರದು ಎಂದ. ಹಾಕುವುದಿಲ್ಲ ಎಂದ ಮಗ.

ತಂದೆ ಸತ್ತ. ಮಗನಿಗೆ ದನ ಸಾಕುವ, ಮೆಕ್ಕೆಜೋಳ ಬೆಳೆಯುವ ಆಸೆ ಹುಟ್ಟಿತು. ಕಾಡು ಕಡಿಯಲು ನಿಂತ. ಕೋಕೋ ಗಿಡ ಹೋಯಿತು, ರಬ್ಬರ್ ಮರ ಹೋಯಿತು, ಹೆಸರಿಲ್ಲದ ಬಳ್ಳಿಗಳೆಲ್ಲ ಹೋದವು. ಅವನ ಹೆಂಡತಿ ಬಂದು ಕೈ ಅಡ್ಡ ಹಿಡಿದಳು.

"ಇದರ ಸುತ್ತ ನಾಲ್ಕು ಮರವನ್ನಾದರೂ ಬಿಡಿ. ಬೋಳು ಬಯಲಲ್ಲಿ ಇದೊಂದೇ ಹೇಗೆ ಬದುಕೀತು?"

"ಅಪ್ಪ ಆಣೆ ಹಾಕಿಸಿದ್ದು ಇದೊಂದಕ್ಕೆ. ಮಿಕ್ಕ ಮರಗಳ ಬಗ್ಗೆ ನಾನು ಯಾರಿಗೂ ಮಾತು ಕೊಟ್ಟಿಲ್ಲ" ಎಂದ ರೈತ.

ಕಡಿದದ್ದಕ್ಕೆಲ್ಲ ಬೆಂಕಿ ಇಟ್ಟ. ಆದರೆ ಬೆಂಕಿ ತಾಗಬಾರದೆಂದು ಆ ಮರದ ಸುತ್ತ ಕಂದಕ ತೋಡಿದ. ದನ ಮೈ ಉಜ್ಜಬಾರದೆಂದು ಬೇಲಿ ಹಾಕಿದ. ದಾರಿಹೋಕರು ನೋಡಿ, ಮಗನೆಂದರೆ ಹೀಗಿರಬೇಕು ಎಂದು ಹೊಗಳಿದರು. ಹೊಗಳಿಕೆ ಯಾರಿಗೆ ಕಹಿ? ಅವನು ಬೇಲಿಯನ್ನು ಇನ್ನಷ್ಟು ಗಟ್ಟಿ ಮಾಡಿದ.

ಮರ ಹೂಬಿಟ್ಟಿತು. ಆ ಹೂವಿಗೆ ಒಂದು ಮುಚ್ಚಳವಿದೆ. ಅದನ್ನು ಎತ್ತಿ ಒಳಗೆ ಹೋಗುವ ಶಕ್ತಿ ದಪ್ಪ ದುಂಬಿಗಳಿಗೆ ಮಾತ್ರ. ಆ ದುಂಬಿಗಳೇನು ಒಂದೇ ಮರದ ಜೀತಕ್ಕೆ ಹುಟ್ಟಿದವೇ? ವರ್ಷದ ಮಿಕ್ಕ ದಿನಗಳಲ್ಲಿ ಅವೂ ಬೇರೆ ಹೂವುಗಳಲ್ಲಿ ಹೊಟ್ಟೆ ಹೊರೆಯಬೇಕು. ಆ ಹೂವುಗಳು ಬೂದಿಯಾಗಿದ್ದವು. ದುಂಬಿ ಬರಲಿಲ್ಲ. ಅರಳಿದ್ದೆಲ್ಲ ಉದುರಿತು. ಒಂದು ಕಾಯಿಯೂ ಕಟ್ಟಲಿಲ್ಲ.

ರೈತ ಬುಡಕ್ಕೆ ಗೊಬ್ಬರ ಹಾಕಿದ. ನೀರು ಹೊತ್ತು ತಂದು ಸುರಿದ. ಅವರ ಗುಡಿಯಲ್ಲಿ ಮೇಣದಬತ್ತಿ ಹಚ್ಚಿದ. ಮರುವರ್ಷವೂ ಕಾಯಿ ಇಲ್ಲ. ಮರಕ್ಕೆ ಏನೋ ರೋಗ ಬಡಿದಿದೆ ಎಂದು ಕಂಡಕಂಡವರ ಮುಂದೆ ಗೋಳಾಡಿದ. ಮೈಮೇಲೆ ಬರೆ ಇರಲಿಲ್ಲ, ತೊಗಟೆಯಲ್ಲಿ ಗಾಯವಿರಲಿಲ್ಲ. ಎಲೆ ಮಾತ್ರ ತೆಳ್ಳಗಾಗುತ್ತಿತ್ತು.

ಅಷ್ಟು ದೊಡ್ಡ ಬಯಲಿಗೆ ನೆರಳೆಂದರೆ ಅದೊಂದೇ. ಮಿಕ್ಕ ನೆರಳನ್ನೆಲ್ಲ ಅವನೇ ಸುಟ್ಟಿದ್ದನಲ್ಲ. ಮಧ್ಯಾಹ್ನವಾದರೆ ಅವನ ಪುಟ್ಟ ಮಗಳು ಇನೆಸ್ ಬೇಲಿಯೊಳಗೆ ನುಸುಳಿ ಆ ಮರದ ಬುಡದಲ್ಲೇ ಮಲಗುತ್ತಿದ್ದಳು. ಒಂದು ಮಧ್ಯಾಹ್ನ ಗಾಳಿ ಎದ್ದಿತು. ಕಾಡಿದ್ದಾಗ ಆ ಗಾಳಿಯ ಪೆಟ್ಟನ್ನು ಎಲ್ಲ ಮರಗಳೂ ಹಂಚಿಕೊಳ್ಳುತ್ತಿದ್ದವು. ಈಗ ಪೂರ್ತಿ ಪೆಟ್ಟು ಒಂದಕ್ಕೇ ಬಿತ್ತು. ಬೇರು ಕಿತ್ತು ಮರ ಉರುಳಿತು. ಬೆದರಿ ಎದ್ದು ಓಡಿದ ಮಗು ಕೊಂಬೆಗಳ ಅಡಿಯಲ್ಲಿ ಸಿಕ್ಕಿಕೊಂಡಿತು. ಅಳುವ ಸದ್ದು ಹೊರಗೆ ಕೇಳುತ್ತಿತ್ತು.

ರೈತ ಕೊಡಲಿ ಹಿಡಿದು ಓಡಿ ಬಂದ. ಕೊಡಲಿ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು. ಆಣೆ ನೆನಪಾಯಿತು. ಅವನು ಕೆಟ್ಟವನಲ್ಲ, ಕೊಟ್ರಯ್ಯ. ಹೆಂಡತಿ ಬಂದು ಅವನ ಕೈಯಿಂದ ಕೊಡಲಿ ಕಿತ್ತುಕೊಂಡು ಕಡಿಯತೊಡಗಿದಳು. ಅವಳು ಯಾರಿಗೂ ಆಣೆ ಇಟ್ಟಿರಲಿಲ್ಲ. ಆದರೆ ಅಷ್ಟು ಹೊತ್ತಿಗೆ ಅಳು ನಿಂತಿತ್ತು.

ಮಣ್ಣು ಮಾಡಲು ಊರವರು ಬಂದರು. ರೈತ ಒಬ್ಬೊಬ್ಬರನ್ನೇ ಮರದ ಬಳಿಗೆ ಕರೆದುಕೊಂಡು ಹೋಗಿ, "ನೋಡಿ, ಇದರಲ್ಲಿ ನನ್ನ ಕೈಯಿಂದ ಬಿದ್ದ ಕೊಡಲಿ ಏಟು ಒಂದಾದರೂ ಇದ್ದರೆ ತೋರಿಸಿ" ಎಂದು ಕೇಳಿದನಂತೆ. ಯಾರಿಗೂ ತೋರಿಸಲು ಆಗಲಿಲ್ಲ. ಅವನು ಹೇಳಿದ್ದು ನಿಜವೇ ಆಗಿತ್ತು.

ಗುರುಗಳು ಕತೆ ನಿಲ್ಲಿಸಿದರು. ಕೊಟ್ರಯ್ಯ ಶಲ್ಯದ ತುದಿಯಿಂದ ಕಣ್ಣೊರೆಸಿಕೊಂಡ.

"ಎಂಥ ಮನುಷ್ಯ, ಗುರುಗಳೇ! ಕೈಯಾರೆ ಸುತ್ತಲೂ ಬಯಲು ಮಾಡಿದ. ಇನ್ನು ಮರ ಹೇಗೆ ಉಳಿಯಬೇಕು?"

ಗುರುಗಳು ಅವನ ಹೆಗಲ ಮೇಲೆ ಕೈ ಇಟ್ಟರು.

"ನೀಲವ್ವ ಕೊನೆಯ ಸಲ ನಕ್ಕಾಗ ಅವಳ ಪಕ್ಕದಲ್ಲಿ ಯಾರಿದ್ದರು?"